ನಿಂತಿದ್ದ ಕಂಬಳಿ

ಭೀಮಕ್ಕನ ಕಂಬಳಿ ಕಾಣೆಯಾಗಿದ್ದನ್ನು ಮೊದಲು ಕಂಡವಳು ಕೋಮಲಾ. ಅಂದು ಸಂಜೆ ಕಿಬ್ಬನಹಳ್ಳಿಯಲ್ಲಿ ನಾಟಕವಿತ್ತು. ಬೆಳಿಗ್ಗೆ ಸಾಮಾನನ್ನು ವ್ಯಾನಿಗೆ ಹಾಕಿಸಲೆಂದು ಟ್ರಂಕು ತೆಗೆದರೆ ಕಿರೀಟವಿದೆ, ಸೀರೆಗಳಿವೆ, ಗೆಜ್ಜೆಯಿದೆ; ಕಂಬಳಿಯಿದ್ದ ಕಡೆ ಟ್ರಂಕಿನ ತಳ ಕಾಣುತ್ತಿದೆ.

ತಿಪಟೂರಿನ ಹಳೆಯ ಕೊಬ್ಬರಿ ಮಳಿಗೆಯೊಂದರಲ್ಲಿ ಅವಳ ನಾಟಕದ ತಂಡ ‘ಜೊತೆಮೇಳ’ ನಡೆಯುತ್ತಿತ್ತು. ಅಟ್ಟದ ಮೇಲೆ ಮಾಲೀಕರ ಕಾಯಿಗಳು ಒಣಗುತ್ತಿದ್ದವು. ಕೆಳಗೆ ವಯಸ್ಸಾದವರು ತಮ್ಮ ಕತೆ ಹೇಳುತ್ತಿದ್ದರು, ಕಾಲೇಜು ಹುಡುಗರು ಅವರ ಜೊತೆಗೇ ಅದನ್ನು ಆಡುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಕೋಮಲಾ ಕಟ್ಟಿದ ಮೇಳ ಅದು. ಅಮ್ಮನ ಮುಖ, ಕೈ, ಸೆರಗಿನ ಒದ್ದೆ ಎಲ್ಲ ನೆನಪಿತ್ತು. ದನಿ ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಮೇಳದ ಜೀವವೆಂದರೆ ಹುಳಿಯಾರು ಕಡೆಯ ಹಟ್ಟಿಯಿಂದ ಬಂದ ಭೀಮಕ್ಕನ ಕತೆ. ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದ ಗಂಡ ಜುಂಜಯ್ಯನಿಗಾಗಿ ಅವಳು ಕಾದ ಕತೆ. ಡಿಗ್ರಿ ಓದುವ ಚಿತ್ತೇಶ್ ಜುಂಜಯ್ಯನಾಗಿ, ಈಗಿಲ್ಲದ ಆ ಗಂಡನ ಕಂಬಳಿಯನ್ನೇ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಬಂದು ಕೂರುತ್ತಿದ್ದ. ದೀಪ ಆರಿ ಹತ್ತುವಷ್ಟರಲ್ಲಿ ಹಿಂದಿನಿಂದ ಜಾರಿಕೊಳ್ಳುತ್ತಿದ್ದ. ಹುಣಸೆಬೀಜದ ಗಂಜಿ ಕುಡಿದು ಸೆಟೆದ ಆ ಕಂಬಳಿ ಮಾತ್ರ ಒಳಗೆ ಯಾರೂ ಇಲ್ಲದೆಯೂ ಕೂತ ಮನುಷ್ಯನ ಹಾಗೆ ನಿಂತಿರುತ್ತಿತ್ತು. ಅದರ ಮುಂದೆ ಭೀಮಕ್ಕ ಕೂತು ಹೇಳುತ್ತಿದ್ದಳು, “ಬಂದ್ರಾ. ಕಾಲ್ ತೊಳ್ಕಳಿ. ಹಿಟ್ಟು ಆರೋಯ್ತೈತೆ.” ಅಷ್ಟಕ್ಕೇ ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ಈಗ ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಅದು ಸಿಕ್ಕಿದ್ರೆ ಬತ್ತೀನಿ, ಇಲ್ದಿದ್ರೆ ನನ್ನ ಬಸ್ ಹತ್ತುಸ್ಬುಡು ಕೋಮಲಮ್ಮ. ಬರೀ ನೆಲದ ಕುಟೆ ಏನಂತ ಮಾತಾಡ್ಲಿ?”

ಜಗುಲಿಯಲ್ಲಿ ಅಳಗುಳಿಮಣೆ ಹರಡಿಕೊಂಡಿದ್ದ ಮೇಳದ ಅಜ್ಜಿ ಬೋರಮ್ಮ ಚಿತ್ತೇಶನ ಕಡೆ ಕೈ ತೋರಿಸಿದಳು. “ದಿನಾ ಮೂಗ್ ಮುಚ್ಕಂತಿದ್ದೋನು ಇವ್ನೇ ಕಣವ್ವ.”

“ನಾತ ಅಂದಿದ್ದು ನಿಜ, ಬೋರಜ್ಜಿ. ಮೂಗೈತೆ, ಅಂದೆ. ಕದ್ದಿಲ್ಲ.”

ಇಂಥ ಹೊತ್ತಿನಲ್ಲಿ ಮೇಳದವರೆಲ್ಲ ತಿರುಗಿ ನೋಡುತ್ತಿದ್ದುದು ಮಹಮೂದಾಳ ಕಡೆಗೆ. ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದ ಆಕೆ ಜೀವಮಾನವೆಲ್ಲ ಸಾಕ್ಷಿಗಳ ಮುಖ ನೋಡಿದವಳು. ಕಳೆದ ಗೆಜ್ಜೆಯಿಂದ ಹಿಡಿದು ಮುರಿದ ಸ್ನೇಹದವರೆಗೆ ಎಲ್ಲದರ ಪತ್ತೆಯೂ ಅವಳದೇ.

“ಬೀಗದ ಕೈ ಎಲ್ಲಿರುತ್ತೆ?”

“ಮೊಳೇಲಿ, ಮಹಮೂದಕ್ಕ. ಎಲ್ಲರಿಗೂ ಗೊತ್ತು,” ಎಂದಳು ಕೋಮಲಾ.

ಮಹಮೂದಾ ಹಿತ್ತಲಿಗೆ ನಡೆದಳು, ಕೋಮಲಾ ಹಿಂಬಾಲಿಸಿದಳು. ಒಗೆಯುವ ಕಲ್ಲಿನ ನೀರು ಹರಿದು ಸೇರುವ ತೆಂಗಿನ ಪಾತಿಯಲ್ಲಿ ಕಪ್ಪು ಉಣ್ಣೆಯ ಎಳೆಗಳು ಒಣಸೊಪ್ಪಿಗೆ ಅಂಟಿಕೊಂಡಿದ್ದವು. ಕಲ್ಲಿನ ಸಂದಿಯಲ್ಲಿ ಏನೋ ಕೆಂಪು.

“ಕುಂಕುಮವೇನೋ,” ಎಂದಳು ಕೋಮಲಾ.

ಮಹಮೂದಾ ಅದನ್ನು ಉಜ್ಜಿದಳು. ಬೆರಳಿಗೆ ಜಿಡ್ಡು ಹತ್ತಿತು.

ಜಗುಲಿಗೆ ಮರಳಿದಾಗ ಬೋರಮ್ಮ ಮಣೆಯ ಗುಳಿಗಳಿಗೆ ಕಲ್ಲು ತುಂಬುತ್ತಿದ್ದಳು. “ಹುಣಸೆಬೀಜಾನೂ ಇಲ್ಲ ಕಣವ್ವ. ಇಲಿ ತಿಂದ್ವೋ ಏನೋ.”

“ಆ ಇಲಿಯ ಹಲ್ಲು ಗಟ್ಟಿಯಿರಬೇಕು,” ಎಂದು ನಕ್ಕಳು ಮಹಮೂದಾ. ಮೂಲೆಯಲ್ಲಿ ತಿಪ್ಪೇಸ್ವಾಮಿ ಕೂತಿದ್ದರು. ತುರುವೇಕೆರೆ ಕಡೆಯ ಹಳೆಯ ನಾಟಕದವರು, ಹೆಂಡತಿ ಇಲ್ಲದವರು. ಬಣ್ಣವಿಲ್ಲದೆ ಮಾತೇ ಏಳುವುದಿಲ್ಲವೆಂದು ತಾಲೀಮಿಗೂ ಮುಖಕ್ಕೆ ಬಳಿದುಕೊಂಡೇ ಬರುವವರು. ಇವತ್ತು ಅವರ ಬರಿ ಮುಖ ಬಹಳ ಚಿಕ್ಕದಾಗಿ ಕಾಣುತ್ತಿತ್ತು.

“ಏನ್ ಸ್ವಾಮಿಗಳೇ, ಬಣ್ಣ ಇಲ್ಲ?” ಎಂದು ಕೇಳಿದಳು ಮಹಮೂದಾ.

“ಮೈ ಸರಿಯಿಲ್ಲ ಕಣಮ್ಮ,” ಎಂದು ಅವರು ಬೊಬ್ಬೆಯೆದ್ದ ಬೆರಳುಗಳನ್ನು ಪಂಚೆಯಲ್ಲಿ ಮುಚ್ಚಿಕೊಂಡರು.

ಮಹಮೂದಾ ಎಲ್ಲರನ್ನೂ ಅಟ್ಟದ ಕೆಳಗೆ ಸುತ್ತ ಕೂರಿಸಿದಳು.

“ಕದಿಯೋನು ಕಂಬಳಿ ಒಗೆಯಲ್ಲ. ಒಗೆದದ್ದು ಚೆನ್ನಾಗಿದ್ದರೆ ಟ್ರಂಕಿಗೆ ಮರಳಿ ಬರುತ್ತಿತ್ತು. ಬಂದಿಲ್ಲ. ಅಂದರೆ ಒಗೆದದ್ದರಿಂದಲೇ ಕೆಟ್ಟಿತು. ನೀರು ಕುಡಿದರೆ ಗಂಜಿ ಬಿಡುತ್ತೆ, ಕಂಬಳಿ ಮೆತ್ತಗಾಗುತ್ತೆ. ಅದು ತಾನಾಗಿ ನಿಲ್ಲುವುದು ಗಂಜಿಯಿಂದ ಅಂತ ಭೀಮಕ್ಕ ನಮಗೆಲ್ಲ ಕತೆಯಲ್ಲೇ ಹೇಳಿದ್ದಾಳೆ. ಕೆಡಿಸಿದವರು ಸರಿಮಾಡಲು ನೋಡಿದರು. ಬೋರಮ್ಮನ ಬೀಜ ಹೋದದ್ದು ಅದಕ್ಕೆ. ಕುದಿಯುವ ಗಂಜಿಗೆ ಬೆರಳು ಸುಟ್ಟಿತು.”

“ಒಗೆದಿದ್ದಾದ್ರೂ ಯಾಕೆ?” ಎಂದ ಚಿತ್ತೇಶ್.

“ಕಲೆಯಾಗಿತ್ತು. ಕಲ್ಲಿನ ಮೇಲಿದ್ದದ್ದು ಕುಂಕುಮವಲ್ಲ, ಕುಂಕುಮಕ್ಕೆ ಅಷ್ಟು ಜಿಡ್ಡಿಲ್ಲ. ಅದು ಮುಖದ ಬಣ್ಣ. ನಿನ್ನೆ ಬಣ್ಣ ಹಚ್ಚಿದ್ದವರು ಒಬ್ಬರೇ, ಇವತ್ತು ಬಿಟ್ಟವರೂ ಅವರೇ. ಇನ್ನು ಒದ್ದೆ ಕಂಬಳಿ ಯಾರೂ ಹೋಗದ ಕಡೆ ಒಣಗಬೇಕು. ಒಳಗಿನ ನೀರು ಆರುವ ತನಕ ಕಾಯಿ ಮುಟ್ಟಬಾರದು ಅಂತ ನಾವ್ಯಾರೂ ಅಟ್ಟ ಹತ್ತಲ್ಲ. ಹತ್ತು, ಚಿತ್ತೇಶ್.”

ತಿಪ್ಪೇಸ್ವಾಮಿ ತಲೆಯೆತ್ತಲಿಲ್ಲ. “ಮನೇಲಿ ಉಂಡ್ಯಾ ಅಂತ ಕೇಳೋರಿಲ್ಲ. ಭೀಮಕ್ಕನ ಮಾತು ಕಂಬಳಿ ಒಳಗೆ ಕೂತೋನಿಗೆ ಹೆಂಗ್ ಕೇಳುಸ್ತದೋ ಅಂತ... ನಿನ್ನೆ ಸಾಮಾನು ಕೋಣೇಲಿ ಕೊಪ್ಪೆ ಹಾಕ್ಕಂಡು ಕೂತೆ. ಗೋಡೆ ಆಚೆ ಭೀಮಕ್ಕ ಒಬ್ಳೇ ಮಾತು ಒಪ್ಪುಸ್ಕಂತಿದ್ಲು. ಅಳು ಬಂತು. ಬಣ್ಣ ಇಳೀತು. ಒಗೆದೆ, ಗಂಜಿ ಹಾಕ್ದೆ, ಹಿಡೀಲಿಲ್ಲ.”

ಚಿತ್ತೇಶ್ ಕಂಬಳಿ ತಂದು ಭೀಮಕ್ಕನ ಮಡಿಲಿಗಿಟ್ಟ. ಅವಳು ಅದನ್ನು ಮೂಗಿಗೆ ಹಿಡಿದಳು, ಬಹಳ ಹೊತ್ತು ಹಿಡಿದೇ ಇದ್ದಳು. ಕುರಿಯ, ಬೀಡಿಯ, ಹೊಗೆಯ ವಾಸನೆಯಿದ್ದ ಕಡೆಯಲ್ಲೆಲ್ಲ ಈಗ ಸೋಪಿನ ವಾಸನೆಯಿರಬಹುದು ಎಂದುಕೊಂಡಳು ಕೋಮಲಾ. ಭೀಮಕ್ಕ ಕೊಪ್ಪೆ ಮಾಡಿ ನೆಲದ ಮೇಲೆ ನಿಲ್ಲಿಸಿದಳು. ಅದು ನಿಧಾನವಾಗಿ ಕುಸಿಯಿತು. ಮತ್ತೆ ನಿಲ್ಲಿಸಿದಳು. ಮತ್ತೆ ಕುಸಿಯಿತು.

“ಅವ್ರ ವಾಸ್ನೆ ಹೋಯ್ತು,” ಎಂದಳು. ಆಮೇಲೆ ಚೀಲವನ್ನು ಗೋಡೆಗೆ ಒರಗಿಸಿದಳು. “ಇದು ಇನ್ನು ತಾನೇ ನಿಲ್ಲಾಕಿಲ್ಲ. ಒಳಗೆ ಯಾರಾನ ಕೂರ್ಬೇಕು.” ತಿಪ್ಪೇಸ್ವಾಮಿಯ ಕಡೆ ನೋಡಿದಳು. “ನೀನೇ ಕೂರಪ್ಪ. ಬಣ್ಣ ಬ್ಯಾಡ. ಮಾತೂ ಬ್ಯಾಡ. ಅವ್ರೂ ಆಡ್ತಿರ್ಲಿಲ್ಲ.”

ಸಂಜೆ ಕಿಬ್ಬನಹಳ್ಳಿಯಲ್ಲಿ ದೀಪ ಆರಿ ಹತ್ತಿದಾಗ ಕೊಪ್ಪೆ ಅಲ್ಲಿತ್ತು, ಉಸಿರಿಗೆ ತಕ್ಕಂತೆ ಸಣ್ಣಗೆ ಏರಿ ಇಳಿಯುತ್ತ. ಭೀಮಕ್ಕ ಎಂದಿಗಿಂತ ತಡವಾಗಿ, ಎಂದಿಗಿಂತ ಮೆಲ್ಲಗೆ ಹೇಳಿದಳು, “ಬಂದ್ರಾ. ಕಾಲ್ ತೊಳ್ಕಳಿ. ಹಿಟ್ಟು ಆರೋಯ್ತೈತೆ.”

ಬೆಳಿಗ್ಗೆ ಅವಳು ಹೇಳಿದ್ದಂತೆ ತಿಪ್ಪೇಸ್ವಾಮಿ ಸುಮ್ಮನಿದ್ದರು. ಭೀಮಕ್ಕನ ಆ ದನಿ ಅಮ್ಮನದಲ್ಲ ಎಂಬುದು ಕೋಮಲಾಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪರದೆಯ ಹಿಂದೆ, ಯಾರಿಗೂ ಕೇಳದಷ್ಟು ಸಣ್ಣಗೆ, ಅವಳು “ಬಂದೆ” ಎಂದಳು.