ಲೇಬಲ್ ಮೇಲಿನ ಪುಕ್ಕಟೆ ಹೆಸರು

"ನೀಲಾ, ಇದೇನಿದು? ನಿಮ್ಮ ಖಾರಾ ಎಲ್ಲೈತಿ?"

ಮದಿಹಾ ತನ್ನ ಅಕ್ಕನ ಫೋನನ್ನು ಗೆಳತಿಯ ಮುಂದೆ ಹಿಡಿದಳು. ಖಾರಾ ಪಾಕೀಟಿನ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ದಳು, ಅಷ್ಟೇ. ನೀಲಾಂಬಿಕಾ ಅವ್ವನ ಖಾರಾ ವ್ಯಾಪಾರಕ್ಕೆಂದು ಮಾಡಿದ್ದ ವೆಬ್‌ಸೈಟ್ ಇರಬೇಕಾದ ಕಡೆ ಇಸ್ಪೀಟಿನ ಎಲೆಗಳು ಗರಗರ ತಿರುಗುತ್ತಿದ್ದವು. 'ಈಗಲೇ ಆಡಿ, ಗೆಲ್ಲಿ' ಎಂದು ಕೆಂಪಕ್ಷರ ಬೇರೆ.

ನೀಲಾ ಫೋನ್ ಇಸಿದುಕೊಂಡು ಮತ್ತೊಮ್ಮೆ ಸ್ಕ್ಯಾನ್ ಮಾಡಿದಳು. ಅದೇ ಎಲೆಗಳು.

"ಸೈಟಿನ ಹೆಸರು ಪುಕ್ಕಟೆ ಸಿಕ್ಕಿತ್ತು. ಒಂದ್ ವರ್ಷ ಫ್ರೀ ಅಂದಿದ್ರು," ಎಂದಳು.

"ವರ್ಷ ಆತೇನ?"

ಆಗಿತ್ತು. ಹೋದ ತಿಂಗಳು ಅವ್ವನ ಫೋನಿಗೆ ಎರಡು ಸಲ ಇಂಗ್ಲಿಷ್ ಮೇಲ್ ಬಂದಿತ್ತು. ಯಾವುದೋ ಜಾಹೀರಾತು ಎಂದು ನೀಲಾ ಓದದೆಯೇ ಅಳಿಸಿದ್ದಳು. ಹೆಸರು ಉಳಿಸಿಕೊಳ್ಳಲು ಹಣ ಕಟ್ಟಿ ಎಂಬ ಮೇಲ್‌ಗಳವು. ಕಟ್ಟದ್ದರಿಂದ ಆ ಹೆಸರನ್ನು ಯಾರೋ ಜೂಜಿನವರು ಎತ್ತಿಕೊಂಡು ಹೋಗಿದ್ದರು.

ಅದೂ ಇರಲಿ ಎನ್ನೋಣ. ಆದರೆ ಬೆಳಿಗ್ಗೆಯಷ್ಟೇ ಇನ್ನೂರು ಪಾಕೀಟು ಸವಣೂರಿನಿಂದ ಹಾನಗಲ್ಲಿಗೆ ಹೋಗಿದ್ದವಲ್ಲ. ಅಲ್ಲಿನ ಫರ್ಹತ ಟೀಚರ್ ತಮ್ಮ ಶಾಲೆಯ ಆಟೋಟದ ದಿನ ಮಕ್ಕಳಿಗೆ ಹಂಚಲು ತರಿಸಿದ್ದರು. ಇನ್ನೂರು ಮಕ್ಕಳು ಸ್ಕ್ಯಾನ್ ಮಾಡಿದರೆ ಇನ್ನೂರು ಮನೆಯಲ್ಲಿ ಜೂಜು ತೆರೆದುಕೊಳ್ಳುತ್ತದೆ.

"ಪೊಲೀಸ್ರು ಬರ್ತಾರೇನ, ಮದಿಹಾ?"

"ನಂಗೊತ್ತಿಲ್ಲ. ಮೊದ್ಲ ನಿಮ್ಮವ್ವಗ ಹೇಳು."

ಹೇಳುವುದು ಸುಲಭವೇ? ಮನೆಯಲ್ಲಿ ಅವ್ವ ವೀರವ್ವ ಕಡಾಯಿಯ ಮುಂದೆ ಕುಳಿತು ಖಾರಾ ಕರಿಯುತ್ತಿದ್ದಳು. ನೀಲಾ ಮೂರು ಸಲ ಬಾಯಿ ತೆರೆದಳು, ಮೂರು ಸಲವೂ ಮುಚ್ಚಿದಳು.

"ಯಾಕ, ಮಾರಿ ಯಾಕ ಸಣ್ಣದಾಗೈತಿ?" ಅವ್ವನೇ ಕೇಳಿದಳು.

ನೀಲಾ ಅಳುತ್ತಲೇ ಎಲ್ಲವನ್ನೂ ಹೇಳಿದಳು. ವೀರವ್ವ ಎಣ್ಣೆಯಲ್ಲಿದ್ದ ಖಾರಾವನ್ನು ಎತ್ತಿ, ಒಲೆ ಆರಿಸಿದಳು. ಒಂದು ಏಟು ಕೊಟ್ಟಿದ್ದರೂ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಕೆಲಸದ ನಡುವೆ ಅವ್ವ ಒಲೆ ಆರಿಸಿದ್ದನ್ನು ನೀಲಾ ಕಂಡೇ ಇರಲಿಲ್ಲ.

"ಇರ್ಲಿ. ಲೇಬಲ್ ಮ್ಯಾಲೆ ನನ್ನ ಹೆಸರು, ನಂಬರ್ ಐತೆಲ್ಲ. ಏನರ ಆದ್ರ ಫೋನ್ ಮಾಡ್ತಾರ."

ನೀಲಾ ನೆಲ ನೋಡಿದಳು. "ಹೊಸ ಲೇಬಲ್‌ನ್ಯಾಗ ಅದನ್ನ ತಗದೇನಿ ಅವ್ವ. ಸೈಟಿನ ಹೆಸರು ದೊಡ್ಡದಾಗಿ ಹಾಕಾಕ ಜಾಗ ಸಾಲಲಿಲ್ಲ."

ವೀರವ್ವ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಟೀಚರ್ ನಂಬರ್ ಹಚ್ಚಿ ಫೋನನ್ನು ಮಗಳ ಕೈಗಿಟ್ಟಳು.

"ನೀನ ಮಾತಾಡವ್ವ, ನಂಗ ಅಂಜಿಕಿ ಬರ್ತೈತಿ."

"ಲೇಬಲ್ ಮ್ಯಾಲೆ ನಾ ಇಲ್ಲಲ್ಲ."

ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ನೀಲಾಳಿಗೆ ಅದೇ ಹೆಚ್ಚು ನೋವಾಯಿತು.

ಅತ್ತ ಕಡೆಯಿಂದ "ಹಲೋ" ಕೇಳಿತು.

"ಟೀಚರ್, ನಾನ್ರಿ, ಸವಣೂರು ಖಾರಾದವ್ರ ಮಗಳು. ಪಾಕೀಟ್ ಹಂಚೀರೇನ್ರಿ?"

"ಇನ್ನೂ ಇಲ್ಲವ್ವಾ, ನಾಳೆ. ಯಾಕ?"

ನೀಲಾ ತಡವರಿಸುತ್ತಾ ಹೇಳಿ ಮುಗಿಸಿದಳು. ಅತ್ತ ಟೀಚರ್ ಪಾಕೀಟು ತೆಗೆದು ನೋಡುವ ಸರಬರ ಸದ್ದು ಕೇಳಿತು. ಇನ್ನು ಪಾಕೀಟುಗಳೆಲ್ಲ ವಾಪಸ್ ಬಂದಂತೆಯೇ ಎಂದು ನೀಲಾಳಿಗೆ ಅನಿಸಿತು.

"ಆ ಸೈಟ್ ನೋಡೇ ನಾ ನಿಮಗ ಆರ್ಡರ್ ಕೊಟ್ಟಿದ್ದು," ಎಂದರು ಟೀಚರ್ ನಿಧಾನಕ್ಕೆ. "ಅದಿಲ್ಲದಿದ್ರ ನೀವು ಯಾರು ಅಂತನೂ ನಂಗ ಗೊತ್ತಾಗ್ತಿರಲಿಲ್ಲ. ಹೇಳಿದ್ದು ಚಲೋ ಆತು, ಲೇಬಲ್ ಎಲ್ಲಾ ಕಿತ್ತಿಸ್ತೇನಿ. ಆದ್ರ ಖಾರಾ ಯಾರು ಮಾಡ್ಯಾರ ಅಂತ ಮಕ್ಕಳು ಕೇಳಿದ್ರ ಏನ್ ಹೇಳ್ಲಿ?"

ಅಭ್ಯಾಸದಂತೆ ಸೈಟಿನ ಹೆಸರು ನಾಲಿಗೆಯ ತುದಿಗೆ ಬಂತು. ನೀಲಾ ಅದನ್ನು ನುಂಗಿಕೊಂಡಳು. ಬೆವರು ಒರೆಸಿಕೊಳ್ಳುತ್ತಿದ್ದ ಅವ್ವನ ಕಡೆ ನೋಡಿದಳು.

"ವೀರವ್ವ ಮಾಡ್ಯಾರ ಅಂತ ಹೇಳ್ರಿ, ಟೀಚರ್. ನಮ್ಮವ್ವ. ನಂಬರೂ ಬರ್ಕೊಳ್ರಿ."

ಒಂದೊಂದೇ ಅಂಕಿಯನ್ನು ಬಿಡಿಸಿ ಬಿಡಿಸಿ ಹೇಳಿದಳು. ಮುಗಿದ ಮೇಲೆ, ಟೀಚರ್ ಕೇಳದಿದ್ದರೂ, ಅವ್ವನ ಹೆಸರನ್ನು ಇನ್ನೊಂದು ಸಲ ಹೇಳಿದಳು.