ಗಾದಿಗನೂರಿನ ವೈಫೈ ಕಳ್ಳತನ

“ಇಳಿಜಾರಿನಲ್ಲಿದ್ದೀರಿ. ಡಂಪರ್ ತುಂಬ ಅದಿರು. ಬ್ರೇಕ್ ಹಿಡಿಯುತ್ತಿಲ್ಲ. ಏನು ಮಾಡುತ್ತೀರಿ?”

ಫೋನಿನ ಪರದೆಯ ಮೇಲೆ ಮೂವರು ಅಧಿಕಾರಿಗಳು ಉತ್ತರಕ್ಕೆ ಕಾದಿದ್ದರು. ಭಾಗ್ಯ ಬಾಯಿ ತೆರೆದಳು. ಅಷ್ಟೇ — ಮೂವರೂ ಕಲ್ಲಾದರು. ಒಬ್ಬರ ಕಣ್ಣು ಅರ್ಧ ಮುಚ್ಚಿತ್ತು. ಇನ್ನೊಬ್ಬರು ಬಾಯಿಗೆ ಎತ್ತಿದ ಚಹಾ ಅಲ್ಲೇ ನಿಂತಿತ್ತು. ನಡುವೆ ಒಂದು ಚಕ್ರ ಗಿರಗಿರ ತಿರುಗಿತು. ಆಮೇಲೆ ಅದೂ ಮಾಯವಾಯಿತು.

ಉತ್ತರ ಅವಳ ನಾಲಿಗೆಯ ಮೇಲೇ ಉಳಿಯಿತು.

ಗಾದಿಗನೂರಿನಿಂದ ಬಸ್ಸು ಹಿಡಿದು ಅವಳು ನೇರ ನನ್ನ ಅಂಗಡಿಗೆ ಬಂದಳು. ನಾನು ಜಂಬುನಾಥ್. ಹೊಸಪೇಟೆ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ನನ್ನ ಕೈಗೆ ಬಂದ ಫೋನು ಸರಿಯಾಗದೆ ಹೋದದ್ದಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳಲಿ ಎಂದು ಕಾದು ಕೂತರೆ ವ್ಯಾಪಾರ ನಡೆಯುವುದಿಲ್ಲ. ಮೂಲೆಯ ಕುರ್ಚಿಯಲ್ಲಿ ನನ್ನ ಹೆಂಡತಿ ಚಂದ್ರಕಲಾ ಕೂತಿದ್ದಳು. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದರೂ ಪ್ರಶ್ನೆ ಕೇಳುವ ಚಟ ಅವಳನ್ನು ಬಿಟ್ಟಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ ವಿಚಾರಣೆ ನಡೆಯುತ್ತದೆ. ಆರೋಪಿ ಸಾಮಾನ್ಯವಾಗಿ ನಾನೇ.

“ಅಣ್ಣಾ, ಮತ್ತ ಹೋತು!” ಭಾಗ್ಯ ಫೋನನ್ನು ಕೌಂಟರಿನ ಮೇಲಿಟ್ಟಳು. ಕಣ್ಣು ಕೆಂಪಾಗಿತ್ತು. “ನೀವು ನೋಡಿದಾಗೆಲ್ಲ ಫೋನ್ ಚಲೋ ಐತಿ ಅಂತೀರಿ. ಮನಿಗೆ ಹೋದ್ರ ನೆಟ್ ನಿಲ್ಲಂಗಿಲ್ಲ. ಇಂಟರ್‌ವ್ಯೂ ಸಾಹೇಬ್ರ ಕೈ ಕಾಲು ಹಿಡಿದು ಕೇಳ್ದೆ, ನಾಳಿ ಮುಂಜಾನಿ ಇನ್ನೊಂದು ಸಲ ಮಾತಾಡ್ಸ್ತೀವಿ ಅಂದಾರ. ಅದೂ ಹೋದ್ರ ನನ್ನ ಹೆಸ್ರು ಬಿಟ್ಟು ಮುಂದಿನೋರನ್ನ ಕರೀತಾರ.”

ಸಂಡೂರಿನ ಗುಡ್ಡದ ಗಣಿಯೊಂದರಲ್ಲಿ ಡಂಪರ್ ಓಡಿಸಲು ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಕೆಲಸ ಕೊಡುತ್ತಿದ್ದರು. ಕಂಪ್ಲಿಯ ತವರಿನಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರ್ ಓಡಿಸಿ ಬೆಳೆದ ಭಾಗ್ಯಳಿಗೆ ಅದರ ಮೇಲೆ ಜೀವವೇ ಇತ್ತು. ಗಂಡ ಹೊನ್ನೂರುಸ್ವಾಮಿ ಟಿಪ್ಪರ್ ಚಾಲಕ. ಅವನೇ ಅರ್ಜಿ ಹಾಕಿಸಿ, ಲೋಡ್ ಹೊತ್ತು ಮಂಗಳೂರು ದಾರಿ ಹಿಡಿದಿದ್ದ.

ನಾನು ಎಂದಿನಂತೆ ಫೋನನ್ನು ಕವರಿನಿಂದ ಬಿಡಿಸಿದೆ. ಪುಸ್ತಕದ ಹಾಗೆ ಮಡಚುವ ಕಪ್ಪು ಕವರು. ಹಿಂದಕ್ಕೆ ಮಡಚಿದರೆ ಫೋನಿಗೆ ಅದೇ ಆಸರೆಯಾಗಿ ಮೇಜಿನ ಮೇಲೆ ನಿಲ್ಲುತ್ತದೆ. ಅದನ್ನು ಪಕ್ಕಕ್ಕೆಸೆದು ಅಂಗಡಿಯ ವೈಫೈಗೆ ಜೋಡಿಸಿದೆ. ಸಿಗ್ನಲ್ ಗೆರೆಗಳು ಪೂರ್ತಿ! ವಿಡಿಯೊ ನೀರು ಹರಿದಂತೆ ಓಡಿತು.

“ನೋಡವ್ವ, ಫೋನಿನಾಗ ಏನೂ ತೊಂದ್ರಿ ಇಲ್ಲ. ಹೋದ ಸಲನ ನೆಟ್‌ವರ್ಕ್ ರೀಸೆಟ್ ಮಾಡೀನಿ, ಪಾಸ್‌ವರ್ಡ್ ಹೊಸದಾಗಿ ಹಾಕೀನಿ, ಅಪ್‌ಡೇಟೂ ಆಗೈತಿ. ನಿಮ್ಮ ಮನಿ ರೌಟರ್ರೇ ಕೆಟ್ಟೈತಿ.”

“ಹೊಸ ರೌಟರ್ ಹಾಕ್ಸೀವಿ ಅಣ್ಣಾ.”

ಮೂಲೆಯ ಕುರ್ಚಿ ಕಿರ್ ಎಂದಿತು. ವಿಚಾರಣೆ ಶುರು!

“ಈ ಕಾಟ ಯಾವಾಗಿಂದ?” ಚಂದ್ರಕಲಾ ಕೇಳಿದಳು. ಅವಳ ಕೈ ಕೌಂಟರಿನ ಮೇಲಿದ್ದ ಕವರನ್ನು ಸುಮ್ಮನೆ ತಿರುಗಿಸುತ್ತಿತ್ತು.

“ಇಂಟರ್‌ವ್ಯೂ ಐತಿ ಅಂತ ಫೋನ್ ಬಂತಲ್ರೀ, ಅದರ ಮಾರನೆ ದಿನದಿಂದ.”

“ಅದಕ್ಕೂ ಮೊದ್ಲು?”

“ಒಂದಿನಾನೂ ಹಿಂಗ ಆಗಿರ್ಲಿಲ್ಲ.”

“ಮನ್ಯಾಗ ಈ ಕೆಲ್ಸ ಬ್ಯಾಡ ಅನ್ನೋರು ಯಾರದಾರ?”

ಭಾಗ್ಯ ತಲೆ ತಗ್ಗಿಸಿದಳು. “ನಮ್ಮತ್ತಿ. ಓಣಿ ಮಂದಿ ಮುಂದೇನ ಅಂದ್ರು — ಹೆಣ್ಮಗಳು ಗುಡ್ಡದ ಮ್ಯಾಲ ಆನಿಯಂಥ ಗಾಡಿ ಓಡ್ಸೋದು ಬ್ಯಾಡೇ ಬ್ಯಾಡ ಅಂತ.”

ಚಂದ್ರಕಲಾ ನನ್ನ ಕಡೆ ತಿರುಗಿದಳು. “ರೀ, ಅಂಗಡಿ ಬಾಗ್ಲು ಹಾಕ್ರಿ.”

ಗಾದಿಗನೂರಿಗೆ ಹೋಗುವಷ್ಟರಲ್ಲಿ ಅದಿರು ಲಾರಿಗಳ ಕೆಂಪು ಧೂಳು ನನ್ನ ಬಿಳಿ ಅಂಗಿಗೆ ಬಣ್ಣ ಬಳಿದಿತ್ತು. ಮನೆಯ ಕಟ್ಟೆಯ ಮೇಲೆ ಅತ್ತೆ ಉಚ್ಚೆಂಗಮ್ಮ ಹಳೆ ಸೀರೆಗಳನ್ನು ಹರಡಿಕೊಂಡು ಕೌದಿ ಹೊಲಿಯುತ್ತಿದ್ದರು. ದೊಡ್ಡ ಸೂಜಿ, ಕುಂಕುಮಗೆಂಪು ದಾರ. ನಮ್ಮನ್ನು ನೋಡಿ ಕನ್ನಡಕ ಮೇಲೇರಿಸಿದರು.

“ಪೊಲೀಸಮ್ಮ ಯಾಕ ಬಂದ್ರು? ನಮ್ಮನ್ಯಾಗ ಕಳ್ಳತನ ಆಗೈತೇನು?”

“ಹೂನ್ರಿ ಅಮ್ಮಾರ,” ಎಂದಳು ಚಂದ್ರಕಲಾ. “ನಿಮ್ಮ ಸೊಸಿ ನೆಟ್ ಯಾರೋ ಕದ್ದಾರ.”

ಉಚ್ಚೆಂಗಮ್ಮ ಮುಖ ಗಂಟಿಕ್ಕಿದರು. “ಒಳ್ಳೇದೇ ಆತು ಬಿಡ್ರಿ. ಆ ದೊಡ್ಡ ಗಾಡಿ ಸವಾಸ ತಪ್ತು.”

ಆದರೆ ಸೂಜಿ ಹಿಡಿದ ಕೈ ನಿಂತುಹೋಗಿತ್ತು. ಅದು ನನಗೂ ಕಾಣಿಸಿತು.

ರೌಟರ್ ಪಡಸಾಲೆಯ ಗೂಡಿನಲ್ಲಿತ್ತು. ಲಾರಿಗಳ ಗದ್ದಲ ಕೇಳಬಾರದೆಂದು ಭಾಗ್ಯ ಸಂದರ್ಶನಕ್ಕೆ ಕೂತದ್ದು ಒಳಕೋಣೆಯಲ್ಲಿ. ನಡುವೆ ಒಂದೇ ಗೋಡೆ.

“ನೆಟ್ ಹೋದ ಕೂಡ್ಲೆ ಏನ್ ಮಾಡ್ದಿ?” ಚಂದ್ರಕಲಾ ವಿಚಾರಿಸಿದಳು.

“ಓಡಿ ಬಂದು ರೌಟರ್ ನೋಡ್ದೆ. ಹಸಿರು ದೀಪ ಉರೀತಿತ್ತು.”

“ಅಂದ್ರ ಯಾರೂ ಬಂದ್ ಮಾಡಿಲ್ಲ. ಆಗ ಬ್ಯಾರೆ ಯಾರು ನೆಟ್ ಬಳಸ್ತಿದ್ರು?”

ಭಾಗ್ಯಳ ಮೈದುನ ಹುಲುಗೇಶ್ ಬಾಗಿಲಲ್ಲಿ ನಿಂತಿದ್ದ. ಡಿಗ್ರಿ ಓದುವ ಹುಡುಗ. ಕೈಯಲ್ಲಿನ ಫೋನಿನಿಂದ ಗುಂಡು ಹಾರುವ ಸದ್ದು.

“ನೀನಲ್ಲೇನಪಾ?” ಎಂದೆ ನಾನು. ಆಟ ಆಡುವವರೇ ನೆಟ್ ನುಂಗುವವರು ಎಂಬುದು ನನ್ನ ಕಸುಬಿನ ಅನುಭವ.

“ನಾನು ಕಾಲೇಜಿನಾಗಿದ್ದೆ ಅಂಕಲ್! ಫೋನೂ ನನ್ನ ಹತ್ರಾನ ಇತ್ತು. ಬೇಕಾದ್ರ ದೋಸ್ತ್‌ಗಳನ್ನ ಕೇಳ್ರಿ.”

ಚಂದ್ರಕಲಾ ಅವನ ಫೋನು ಕಸಿದು ಒಳಕೋಣೆಯ ಮೇಜಿನ ಮೇಲಿಟ್ಟಳು. ವಿಡಿಯೊ ಮಸ್ತ್ ಓಡಿತು. ಅದರ ಪಕ್ಕದಲ್ಲೇ ಭಾಗ್ಯಳ ಫೋನನ್ನು ಕವರಿನ ಆಸರೆಗೆ ನಿಲ್ಲಿಸಿದಳು. ಒಂದೇ ಒಂದು ಗೆರೆ. ಚಕ್ರ ತಿರುಗಿತು. ನಿಂತಿತು.

“ಸಿಮ್ಮಿನ ನೆಟ್ ಹಾಕಿ ನೋಡ್ರಿ,” ಎಂದಳು ನನಗೆ.

ವೈಫೈ ಬಿಟ್ಟು ಸಿಮ್ಮಿನ ನೆಟ್ ಹಾಕಿದೆ. ಅದೂ ಕುಂಟುತ್ತಿತ್ತು. ಹುಲುಗೇಶನದೂ ಅದೇ ಕಂಪನಿಯ ಸಿಮ್ಮು. ಅವನದು ಓಡುತ್ತಿತ್ತು.

“ಗೊತ್ತಾತು!” ನಾನು ತೊಡೆ ತಟ್ಟಿದೆ. “ಫೋನಿನ ಒಳಗ ಆಂಟೆನಾ ಸಡ್ಲಾಗೈತಿ. ಬಿಚ್ಚಬೇಕು.”

“ಆಂಟೆನಾ ಸಡ್ಲಾಗಿದ್ರ ಅಂಗಡ್ಯಾಗ ಹೆಂಗ ಬರ್ತಿತ್ತು?”

ಈ ಹೆಂಗಸಿನ ಮುಂದೆ ತೊಡೆ ತಟ್ಟಬಾರದೆಂದು ನನಗೆ ಎಷ್ಟು ಸಲ ಬುದ್ಧಿ ಬಂದಿದೆಯೋ ಲೆಕ್ಕವಿಲ್ಲ.

ಅಷ್ಟರಲ್ಲಿ ಹುಲುಗೇಶ್ ಹತ್ತಿರ ಬಂದು ಪಿಸುಗುಟ್ಟಿದ. “ಆಂಟಿ, ಒಂದು ಮಾತು. ಇಂಟರ್‌ವ್ಯೂ ಸುದ್ದಿ ಬಂದ ದಿನ ಅತ್ತಿಗಿ ಬಟ್ಟಿ ತೊಳ್ಯಾಕ ಹೋಗಿದ್ಲು. ಆಗ ನಮ್ಮವ್ವ ಅತ್ತಿಗಿ ಫೋನ್ ತಗಂಡು ದೇವ್ರ ಕೋಣಿಗೆ ಹೋದ್ಲು. ಬಾಗ್ಲು ಹಾಕ್ಕೊಂಡಿದ್ಲು. ಭಾಳ ಹೊತ್ತು.”

ಭಾಗ್ಯ ಕೇಳಿಸಿಕೊಂಡಳು.

“ಅತ್ತೀ!” ಅವಳು ಕಟ್ಟೆಗೆ ಓಡಿದಳು. “ನನ್ನ ಫೋನಿಗೆ ಏನ್ ಮಾಡೀರಿ?”

“ನಾನೇನ್ ಮಾಡ್ಲಿ? ಅದನ್ನ ಆನ್ ಮಾಡಾಕೂ ನನಗ ಬರಂಗಿಲ್ಲ!” ಉಚ್ಚೆಂಗಮ್ಮ ಸೆರಗು ಜಗ್ಗಿಕೊಂಡರು. ಕಣ್ಣು ಮಾತ್ರ ನೆಲದಲ್ಲಿತ್ತು.

“ಅದು ಖರೆ,” ಎಂದಳು ಚಂದ್ರಕಲಾ ಮೆಲ್ಲಗೆ. “ಫೋನ್ ಆನ್ ಮಾಡಾಕ ಬರದೋರು ಬಾಗ್ಲು ಹಾಕ್ಕೊಂಡು ಫೋನಿಗೆ ಏನ್ ಮಾಡ್ತಾರ? ತಮಗ ಬರೋ ಕೆಲ್ಸ ಮಾಡ್ತಾರ.”

ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದಳು. ನನ್ನನ್ನೂ. ಠಾಣೆಯ ದಿನಗಳ ದನಿ ಬಂತು.

“ನೆಟ್ ರೌಟರಿನಾಗ ಸಾಯ್ತಿಲ್ಲ — ಹುಲುಗೇಶನ ಫೋನಿಗೆ ಬರ್ತೈತಿ. ವೈಫೈ ಒಂದೇ ಹೋಗಿದ್ರ ವೈಫೈ ಮ್ಯಾಲ ಅನುಮಾನ ಪಡಬೌದಿತ್ತು. ಸಿಮ್ಮಿನ ನೆಟ್ಟೂ ಹೊಂಟೈತಿ. ಅಂದ್ರ ಕಳ್ಳ ಈ ಫೋನಿನ ಸಂಗಾಟನ ಅದಾನ. ಆದ್ರ ಅಂಗಡಿಗೆ ಬಂದ ಕೂಡ್ಲೆ ಕಳ್ಳ ಮಾಯ! ರೀ, ಅಂಗಡಿಗೆ ಫೋನ್ ಬಂದ್ರ ನೀವು ಮೊದ್ಲು ಏನ್ ಮಾಡ್ತೀರಿ?”

“ಏನ್ ಮಾಡ್ತೀನಿ... ಕವರ್ ತೆಗ್ದು—”

ನನ್ನ ಬಾಯಿ ಹಾಗೇ ತೆರೆದುಕೊಂಡಿತು.

“ಹೂಂ. ನೀವು ಪ್ರತಿ ಸಲ ಕಳ್ಳನನ್ನ ಕೈಯಾರೆ ಪಕ್ಕಕ್ಕ ಕುಂದ್ರಿಸಿ, ಆಮ್ಯಾಲ ಕಳ್ಳ ಎಲ್ಲಿ ಅಂತ ಹುಡುಕ್ತೀರಿ.”

ಅವಳು ಒಳಕೋಣೆಗೆ ಹೋಗಿ ಫೋನನ್ನು ಕವರಿನಿಂದ ಹೊರತೆಗೆದಳು. ನಾವು ಹಿಂದೆಯೇ ನುಗ್ಗಿದೆವು. ಒಂದು ಗೆರೆ. ಎರಡು. ಪೂರ್ತಿ! ಮತ್ತೆ ಕವರಿಗೆ ಸೇರಿಸಿದಳು — ಗೆರೆಗಳು ಬಿದ್ದುಹೋದವು. ಹುಲುಗೇಶ್ ಸಿಳ್ಳೆ ಹಾಕಿದ.

“ಕವರಿನಾಗ ಏನೈತ್ರೀ ಅಂಥಾದ್ದು?” ಭಾಗ್ಯ ಕೇಳಿದಳು.

“ಈ ಅಂಚು ನೋಡು. ಸುತ್ತ ಕಪ್ಪು ದಾರ, ಮಶಿನ್ ಹೊಲಿಗಿ. ಇಲ್ಲಿ ಮಾತ್ರ ಕೆಂಪು ದಾರ. ಕೈ ಹೊಲಿಗಿ.”

“ಅದನ್ನ ನಾನೂ ನೋಡಿದ್ದೆ. ಅಂಚು ಕಿತ್ತಿರ್ಬೇಕು, ಅತ್ತಿ ಹೊಲ್ದಾರ ಅಂತ ಸುಮ್ನಿದ್ದೆ.”

“ಎಲ್ರೂ ನೋಡೀವಿ. ಅಂಗಡ್ಯಾಗ ನಾನೂ ನೋಡ್ದೆ. ಇಲ್ಲಿ ಬಂದು ಕಟ್ಟಿ ಮ್ಯಾಲಿನ ಕೌದಿ ನೋಡಿದ ಮ್ಯಾಲ ತಲಿಗೆ ಹೊಳೀತು.” ಅವಳು ಕಟ್ಟೆಗೆ ಹೋಗಿ ಕೌದಿ ತಂದು ಅದರ ತುದಿಯನ್ನು ಕವರಿನ ಪಕ್ಕ ಹಿಡಿದಳು. ಅದೇ ದಾರ. ಅದೇ ಒತ್ತೊತ್ತಾದ ಸಣ್ಣ ಹೊಲಿಗೆ. “ಉಚ್ಚೆಂಗಮ್ಮಾರ, ಕಳ್ಳರು ನೀವು.”

ಹೊಲಿಗೆ ಬಿಚ್ಚಿದಾಗ ಕವರಿನ ಎರಡು ಪದರಗಳ ನಡುವಿನಿಂದ ತೆಳ್ಳಗಿನ ತಾಮ್ರದ ತಗಡೊಂದು ಜಾರಿ ಬಿತ್ತು. ಫೋನಿನ ಬೆನ್ನಿನಷ್ಟೇ ಅಗಲ. ಮೇಲೆ ಗೆರೆ ಕೊರೆದ ಮನೆಗಳು, ಅಕ್ಷರಗಳು, ಅರಿಶಿನದ ಕಲೆ. ಯಂತ್ರ!

ಭಾಗ್ಯ ಅದನ್ನು ಎತ್ತಿಕೊಂಡಳು. “ಮಾಟ ಮಾಡ್ಸೀರೇನು ಅತ್ತೀ? ನಾನು ಈ ಕೆಲ್ಸಕ್ಕ ಹೋಗಬಾರ್ದಂತ ಇಷ್ಟು...?”

“ಥೂ! ಬಿಡ್ತು ಅನ್ನು!” ಉಚ್ಚೆಂಗಮ್ಮ ಚೀರಿದರು. ಕನ್ನಡಕ ಜಾರಿತು. “ಮಾಟ ಅಲ್ಲ ಅದು, ನಿನ್ನ ಕಾಯೋ ಯಂತ್ರ! ನೀನು ಅರ್ಜಿ ಹಾಕಿದಾಗ್ಲೇ ಸಂಡೂರಿನ ಕಡೆ ಒಬ್ಬ ಅಜ್ಜನ ಹತ್ರ ಬರಿಸ್ಕೊಂಡು ಬಂದಿದ್ದೆ. ನಾನು ಬ್ಯಾಡ ಅಂದಿದ್ದು ಖರೆ. ಗುಡ್ಡದ ದಾರಿ, ಅಂಥ ಗಾಡಿ. ನಿನ್ನ ಗಂಡ ಲೋಡ್ ತಗಂಡು ಹೋದ ರಾತ್ರಿ ನನಗ ನಿದ್ದಿ ಬರಂಗಿಲ್ಲ, ಇನ್ನ ನೀನೂ ಹೋದ್ರ? ಆದ್ರ ನೀನು ನಿಲ್ಲೋ ಮಗಳಲ್ಲ. ಹೋಗೋಳು ಗೆದ್ದು ಹೋಗ್ಲಿ, ಸುಖವಾಗಿ ಬರ್ಲಿ ಅಂತ ಮಾಡಿಸ್ದೆ. ಯಾರಿಗೂ ಹೇಳಬಾರ್ದು, ಹೇಳಿದ್ರ ಫಲ ಇಲ್ಲ ಅಂದಿದ್ದ ಅಜ್ಜ.”

“ಮತ್ತ ಫೋನಿನಾಗ ಯಾಕವ್ವ ಇಟ್ಟಿ?” ಹುಲುಗೇಶನಿಗೆ ನಗು ತಡೆಯಲಾಗಲಿಲ್ಲ.

“ಇಂಟರ್‌ವ್ಯೂ ಫೋನಿನಾಗ ಅಂದ್ರಲ್ಲೋ! ಲಾರಿ ಕಾಯೋ ಲಿಂಬಿಹಣ್ಣು ಲಾರಿಗೇ ಕಟ್ತಾರ. ಫೋನಿನ ಕೆಲ್ಸಕ್ಕ ಫೋನಿಗೇ ಕಟ್ಟಬೇಕಲ್ಲ?”

ನಾನು ನನ್ನ ಕಸುಬಿನ ಮಾನ ಉಳಿಸಿಕೊಳ್ಳಲು, ಲೋಹದ ತಗಡು ಅಡ್ಡ ಬಂದರೆ ಸಿಗ್ನಲ್ ದಾಟುವುದಿಲ್ಲ, ಫೋನನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿದ ಹಾಗೆ ಎಂದು ವಿವರಿಸಿದೆ. ರೌಟರ್ ಪಕ್ಕದಲ್ಲಾದರೆ ಹೇಗೋ ನುಸುಳಿ ಬರುತ್ತದೆ, ಗೋಡೆಯ ಆಚೆಗಾದರೆ ಸೋಲುತ್ತದೆ.

ಉಚ್ಚೆಂಗಮ್ಮ ತಗಡನ್ನು ಕಣ್ಣಿಗೊತ್ತಿಕೊಂಡರು. “ಕಾಯಾಕಂತ ನಿಲ್ಸಿದ ದೇವ್ರು ಬಾಗ್ಲಿಗೇ ಅಡ್ಡ ನಿಂತಾನ ನೋಡ್ರಿ! ನನ್ನ ಕೈಯಾರೆ ನನ್ನ ಸೊಸಿ ಬಾಯಿ ಕಟ್ಟಿದೆ.”

ಭಾಗ್ಯ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿದಳು. ನನ್ನ ಹೆಡ್ ಕಾನ್‌ಸ್ಟೇಬಲ್ ಕಿಟಕಿಯ ಕಡೆ ತಿರುಗಿ ಧೂಳು ಬಿತ್ತೆಂದು ಕಣ್ಣು ಒರೆಸಿಕೊಂಡಳು. ನನಗೂ ಧೂಳು ಬಿದ್ದಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮಾತೇ ಇರಲಿಲ್ಲ. ಗಾದಿಗನೂರಿನ ಒಳಕೋಣೆಯಲ್ಲಿ ಭಾಗ್ಯ ಕೂತಳು. ಬರೀ ಮೈಯ ಫೋನು, ಕಾಳು ಅಳೆಯುವ ಎರಡು ಸೇರುಗಳ ನಡುವೆ ನೆಟ್ಟಗೆ ನಿಂತಿತ್ತು. ಸೇರುಗಳು ಮರದವು, ನಾನೇ ಬಡಿದು ನೋಡಿದ್ದೆ. ತಾಮ್ರದ ತಗಡು ಭಾಗ್ಯಳ ಬೆನ್ನ ಹಿಂದೆ, ಸೊಂಟಕ್ಕೆ ಸಿಕ್ಕಿಸಿತ್ತು. ಅದು ಅವಳದೇ ಹಟ.

ನಾವೆಲ್ಲ ಬಾಗಿಲಾಚೆ ಕಿವಿಗೊಟ್ಟು ನಿಂತೆವು.

“ನಿನ್ನೆಯ ಪ್ರಶ್ನೆಯಿಂದಲೇ ಶುರು ಮಾಡೋಣವೇ?” ಫೋನಿನಿಂದ ದನಿ ಬಂತು. “ಲೋಡ್ ಗಾಡಿ, ಇಳಿಜಾರು, ಬ್ರೇಕ್ ಹಿಡಿಯುತ್ತಿಲ್ಲ.”

ಚಕ್ರ ತಿರುಗಲಿಲ್ಲ. ಯಾರೂ ಕಲ್ಲಾಗಲಿಲ್ಲ.

“ಮೊದ್ಲು ಹಾರ್ನ್ ಹೊಡೀತೀನಿ ಸರ್, ರೇಡಿಯೊದಾಗ ಕೆಳಗಿನೋರಿಗೆ ಹೇಳ್ತೀನಿ. ಗಾಡಿ ಗೇರಿನಾಗೇ ಹಿಡೀತೀನಿ, ನ್ಯೂಟ್ರಲ್ ಮಾಡಂಗಿಲ್ಲ. ದಾರಿ ದಂಡಿಗಿರೋ ಮಣ್ಣಿನ ಒಡ್ಡಿಗೆ ಒರಸ್ಕೊಂತ ನಿಲ್ಲಸ್ತೀನಿ.”

“ಜಿಗಿದು ಜೀವ ಉಳಿಸಿಕೊಳ್ಳುವುದಿಲ್ಲವೇ?”

“ಇಲ್ಲ ಸರ್. ನಾನು ಜಿಗಿದ್ರ ಗಾಡಿ ಕೆಳಗಿನೋರ ಮ್ಯಾಲ ಹೋಗ್ತೈತಿ.”

“ಇದನ್ನು ಯಾರು ಕಲಿಸಿದರು?”

“ಕಂಪ್ಲಿಯಾಗ ಕಾಲುವಿ ದಂಡಿ ಮ್ಯಾಲ ಭತ್ತ ತುಂಬಿದ ಟ್ರ್ಯಾಕ್ಟರ್ ಹಿಂಗ ನಿಲ್ಸೀನಿ ಸರ್. ಕೆಳಗ ಭತ್ತ ಕೊಯ್ಯೋ ಹೆಣ್ಮಕ್ಳಿದ್ರು. ಒಂದು ಚೀಲಾನೂ ಬೀಳ್ಲಿಲ್ಲ.”

ಆ ಕಡೆ ಕ್ಷಣ ಹೊತ್ತು ಮೌನ. ನಾನು ಬಾಗಿಲ ಸಂದಿಯಿಂದ ಪರದೆಯತ್ತ ಇಣುಕಿದೆ — ಮತ್ತೆ ಹೋಯಿತೇ? ಇಲ್ಲ. ಅವರು ನಗುತ್ತಿದ್ದರು.

“ಭಾಗ್ಯಮ್ಮ, ಸೋಮವಾರ ಸಂಡೂರಿಗೆ ಬನ್ನಿ. ತರಬೇತಿ ಶುರು.”

ಬಾಗಿಲಾಚೆ ಉಚ್ಚೆಂಗಮ್ಮ ಹಾಕಿದ ಕೇಕೆಗೆ ರಸ್ತೆಯ ಲಾರಿ ಚಾಲಕನೊಬ್ಬ ಗಾಡಿ ನಿಧಾನ ಮಾಡಿ ಇಣುಕಿದ. “ಏನ್ ನೋಡ್ತೀಯೋ? ನನ್ನ ಸೊಸಿ ಗೆದ್ದಾಳ! ನಿನ್ನ ಗಾಡಿ ಅವಳ ಗಾಡಿ ಗಾಲಿಯಷ್ಟೂ ಇಲ್ಲ, ಹೋಗು!”

ಮೊನ್ನೆ ಉಚ್ಚೆಂಗಮ್ಮ ನನ್ನ ಅಂಗಡಿಗೆ ಬಂದಿದ್ದರು, ತಮಗೊಂದು ಸ್ಮಾರ್ಟ್‌ಫೋನು ಬೇಕೆಂದು. ಆನ್ ಮಾಡುವುದನ್ನು ಚಂದ್ರಕಲಾ ಕಲಿಸಿಕೊಟ್ಟಳು. ಕಲಿತ ಕೂಡಲೇ ಬಂದದ್ದು ಭಾಗ್ಯ ಕಳಿಸಿದ ಚಿತ್ರ: ಮನೆಯೆತ್ತರದ ಹಳದಿ ಡಂಪರು, ಅದರ ಕಿಟಕಿಯಲ್ಲಿ ಹೆಲ್ಮೆಟ್ ಹಾಕಿದ ಭಾಗ್ಯ, ಅವಳ ತಲೆಯ ಮೇಲೆ ಕೆಂಪು ದಾರದಲ್ಲಿ ತೂಗುವ ತಾಮ್ರದ ತಗಡು. ಉಚ್ಚೆಂಗಮ್ಮ ಅದನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ತೋರಿಸಿದರು.

“ಅಮ್ಮಾರ, ಚೆಂದದೊಂದು ಕವರ್ ಹಾಕ್ಲೇನ್ರಿ?” ಎಂದೆ.

ಅವರು ಫೋನನ್ನು ಎದೆಗವಚಿಕೊಂಡು ಎದ್ದೇ ಬಿಟ್ಟರು.

“ಬ್ಯಾಡೇ ಬ್ಯಾಡ! ಹೊತ್ತು ಮುಣುಗಿದ ಮ್ಯಾಲ ನನ್ನ ಸೊಸಿ ಗುಡ್ಡದಿಂದ ಫೋನ್ ಮಾಡ್ತಾಳ.”