ಸಮುದ್ರ ಸಿಪಾಯಿಗಳ ಕಟ್ಟು

ಗುರುವಾರ ಬೆಳಿಗ್ಗೆ ಎಂಟಕ್ಕೆ ಖಾನಾವಳಿ ನಡೆಸುವ ವಿನೋದಾ ತಿಂಡಿಯ ಡಬ್ಬಿ ಹಿಡಿದು ಬಂದಾಗ ದೇಜಪ್ಪನ ಖೋಲಿಯ ಬಾಗಿಲು ಬರೇ ಒರಗಿಸಿತ್ತು. ದೂಡಿದಳು.

ದೇಜಪ್ಪ ನೆಲದ ಮೇಲಿದ್ದರು. ಕಬ್ಬಿಣದ ಮಂಚದ ಮೂಲೆ ತಾಗಿ ತಲೆ ಒಡೆದಿತ್ತು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಎದೆಯ ಮೇಲೆ ಅಂಗಿ ಹಿಡಿದು ಜಗ್ಗಿದ ಗುರುತು. ಎರಡು ಗುಂಡಿ ಹಾರಿದ್ದವು.

ಅವಳು ಕೂಗಲಿಲ್ಲ. ಡಬ್ಬಿ ಕೆಳಗಿಟ್ಟು ಕೈ ಮುಟ್ಟಿ ನೋಡಿದಳು. ಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ. ಉಸಿರು ಮಾತ್ರ ಇರಲಿಲ್ಲ.

ಎಪ್ಪತ್ತೆಂಟರ ಮುದುಕ. ಹಿಂದೆ ಮುಂದೆ ಯಾರೂ ಇಲ್ಲ. ಕಲ್ಯಾಣದ ಹೋಟೆಲಿನಲ್ಲಿ ಮೂವತ್ತೈದು ವರ್ಷ ಪಾರ್ಸೆಲ್ ಕಟ್ಟಿ, ಆಮೇಲೆ ಡೊಂಬಿವಲಿಯ ಈ ಸಾಲು ಖೋಲಿಗಳ ಚಾಳಿನಲ್ಲಿ ಕೂತು ಹನ್ನೊಂದು ವರ್ಷದಿಂದ ಒಂದು ಪುಸ್ತಕ ಬರೆಯುತ್ತಿದ್ದರು. ಕಂಪನಿ ಸರಕಾರ ಮುಂಬಯಿಯಲ್ಲಿ ಕಟ್ಟಿದ್ದ ಒಂದು ಪಡೆಯ ಚರಿತ್ರೆ. ಸಿಪಾಯಿಗಳು ನೆಲದವರು, ಕೆಲಸ ಹಡಗಿನ ಮೇಲೆ. ಕಡಲುಗಳ್ಳರು ಬಂದರೆ ಹಡಗಿನಿಂದ ಗುಂಡು ಹಾರಿಸಬೇಕು. ತೀರ ಹಿಡಿಯುವುದಿದ್ದರೆ ಮೊದಲು ದೋಣಿಗಿಳಿಯಬೇಕು. ತಮ್ಮ ಕರಾವಳಿಯ ಊರ ಕಡೆಯ ಹುಡುಗರೂ ಅದರಲ್ಲಿದ್ದರು ಎಂದು ದೇಜಪ್ಪನಿಗೆ ಎಲ್ಲಿಲ್ಲದ ಹೆಮ್ಮೆ.

ಅವರನ್ನು ಕೊಲ್ಲುವಂಥದ್ದು ಆ ಖೋಲಿಯಲ್ಲಿ ಏನಿತ್ತು? ಕಾಗದ ಬಿಟ್ಟರೆ ಏನೂ ಇರಲಿಲ್ಲ.

* * *

ಮಧ್ಯಾಹ್ನದೊಳಗೆ ಪೊಲೀಸರು ಯತಿನ್‌ನನ್ನು ಹಿಡಿದರು. ವಿನೋದಾಳ ಒಬ್ಬನೇ ಮಗ. ಇಪ್ಪತ್ತಮೂರು ವರ್ಷ. ಸಾನಪಾಡಾದ ಹೋಟೆಲಿನಲ್ಲಿ ಪಾರ್ಸೆಲ್ ಕೌಂಟರ್ ಅವನದು. ತಾಯಿಯ ಖಾನಾವಳಿಯಲ್ಲಿ ಜಾಗ ಸಾಲದೆ ದೇಜಪ್ಪನ ಖೋಲಿಯಲ್ಲಿ ಮಲಗುತ್ತಿದ್ದ.

"ಮಾವಶಿ, ನಿನ್ನೆ ಸಂಜೆ ಜಗಳ ಆಗಿದೆ," ಎಂದರು ಇನ್ಸ್‌ಪೆಕ್ಟರ್ ಹೃಷೀಕೇಶ ಸಾವಂತ್, ಮರಾಠಿಯಲ್ಲಿ. "ಮುದುಕನ ಕಾಗದ ಸುಟ್ಟು ಹಾಕ್ತೇನೆ ಅಂದಿದ್ದಾನೆ. ಚಾಳಿಗೆ ಚಾಳೇ ಕೇಳಿದೆ."

"ಕಾಲು ಚಾಚಲಿಕ್ಕೆ ಜಾಗ ಇಲ್ಲ ಸಾಹೇಬ್ರೆ. ನಾನೂ ಹತ್ತು ಸಲ ಹಾಗೇ ಹೇಳಿದ್ದೇನೆ. ನನ್ನನ್ನೂ ಹಿಡೀತೀರಾ?"

"ಸಾವು ಆರಕ್ಕೂ ಏಳೂವರೆಗೂ ನಡುವೆ. ಇವನು ಆರಕ್ಕೆ ಹೊರಟೆ ಅಂತಾನೆ. ಹೋಟೆಲ್ ತಲುಪಿದ್ದು ಒಂಬತ್ತಕ್ಕೆ. ಠಾಣೆ ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಿದರೂ ಮೂರು ಗಂಟೆ ಯಾಕೆ?"

ಸರಳಿನ ಹಿಂದೆ ಯತಿನ್ ಮುಖ ಬಾಡಿತ್ತು. ತಾಯಿ ಕನ್ನಡದಲ್ಲಿ ಕೇಳಿದರೂ ಅವನ ಉತ್ತರ ಯಾವಾಗಲೂ ಹಿಂದಿಯಲ್ಲೇ.

"ಮಮ್ಮಿ, ಠಾಣೆ ಮೇ ಉತರಾ ಥಾ. ನಯೀ ನೌಕರಿ ಕೇ ಲಿಯೇ. ಸೇಠ್ ಮಿಲಾ ನಹೀ."

"ಸೇಠ್ ಸಿಗದಿದ್ರೆ ಹೋಗ್ಲಿ. ಹೊಸ ಕೆಲಸ ಕೇಳಲಿಕ್ಕೆ ಇಳಿದಾಗ ಅಲ್ಲಿ ಯಾರಾದ್ರೂ ನೋಡಿದ್ದಾರಾ ನಿನ್ನನ್ನ?"

"ಕೋಯಿ ನಹೀ."

ಮರುದಿನ ಹನ್ನೊಂದಕ್ಕೆ ಅವನನ್ನು ಕಲ್ಯಾಣದ ಕೋರ್ಟಿಗೆ ಒಪ್ಪಿಸುತ್ತಾರೆ. ಕೊಲೆ ಕೇಸು. ಒಳಗೆ ಹೋದವನು ಹೊರಬರುವಷ್ಟರಲ್ಲಿ ಅವಳ ಆಯುಸ್ಸು ಮುಗಿದಿರಬಹುದು. ವಿನೋದಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುವುದಕ್ಕೆ ಆಮೇಲೆ ಹೊತ್ತು ಬೇಕಾದಷ್ಟಿತ್ತು.

* * *

ಅವಳಿಗೆ ಮೊದಲು ಅನುಮಾನ ಬಂದದ್ದು ಚಾಳಿನ ಸೆಕ್ರೆಟರಿ ಪುಂಡರೀಕಾಕ್ಷನ ಮೇಲೆ. ಚಾಳು ಕೆಡವಿ ಟವರ್ ಕಟ್ಟುವ ಆಸೆ ಅವನಿಗೆ. ಸಹಿ ಹಾಕದೆ ಉಳಿದವರು ದೇಜಪ್ಪ ಒಬ್ಬರೇ.

"ಎಂತದಮ್ಮ ನೀವು," ಎಂದ ಅವನು. "ಆರೂವರೆಯಿಂದ ಏಳೂವರೆ ನೀರು ಬರುವ ಹೊತ್ತು. ನಾನು ಹಿಂದುಗಡೆ ನಳದ ಹತ್ತಿರ ಲೈನ್ ನೋಡಿಕೊಳ್ತಿದ್ದೆ. ಬಾಲಮ್ಮನ ಹತ್ತಿರ ಕೇಳಿ."

ಬಾಲಮ್ಮ ಮೂಲೆ ಖೋಲಿಯ ಮುದುಕಿ. "ಅಲ್ಲೇ ಇದ್ದ. ಕಂಬದ ಹಾಗೆ ನಿಂತಿದ್ದ. ಸ್ವಲ್ಪ ಅತ್ಲಾಗೆ ಹೋಗಿದ್ರೆ ನನಗೆ ಎರಡು ಕೊಡ ಹೆಚ್ಚು ಸಿಗ್ತಿತ್ತು."

"ಆಗ ಮುಂದಿನ ಬಾಗಿಲಿನ ಕಡೆ ಯಾರಿದ್ರು?"

"ಯಾರಿರ್ತಾರೆ? ಆ ಹೊತ್ತಿಗೆ ಕಳ್ಳ ಬಂದು ಚಾಳನ್ನೇ ಹೊತ್ತುಕೊಂಡು ಹೋದ್ರೂ ನಮಗೆ ಗೊತ್ತಾಗುದಿಲ್ಲ."

ಪುಂಡರೀಕಾಕ್ಷನಲ್ಲ. ಆದರೆ ಆ ಹೊತ್ತಿನಲ್ಲಿ ಯಾರು ಬೇಕಾದರೂ ಒಳಗೆ ಬಂದು ಹೋಗಬಹುದಿತ್ತು.

* * *

ಸಂಜೆ ಹೆಣಕ್ಕೆ ಉಡಿಸಲು ಒಂದು ಬಿಳಿ ಪಂಚೆ ಬೇಕೆಂದು ಅವಳು ಅಪ್ಪಣೆ ಕೇಳಿದಳು. ಇನ್ಸ್‌ಪೆಕ್ಟರ್ ತಾವೇ ಜೊತೆಗೆ ಬಂದು ಖೋಲಿ ತೆರೆಸಿದರು.

ಹಲಗೆಯ ಮೇಲೆ ಕಾಗದದ ಹತ್ತು ಕಟ್ಟುಗಳು. ಪಂಚೆ ಎಳೆಯಲು ಕೈ ಚಾಚಿದವಳು ಹಾಗೇ ನಿಂತಳು.

"ಸಾಹೇಬ್ರೆ, ಇವುಗಳ ದಾರ ನೋಡಿ. ಒಂಬತ್ತರಲ್ಲಿ ಗಂಟೇ ಇಲ್ಲ. ಸುತ್ತಿ, ತಿರುಚಿ, ಸಿಕ್ಕಿಸಿ, ಪಟ್ಟನೆ ಹರಿದದ್ದು. ಹೋಟೆಲಿನವರು ಪಾರ್ಸೆಲ್ ಕಟ್ಟುವುದು ಹೀಗೇ. ಮೂರನೆಯದು ನೋಡಿ."

ಮೂರನೆಯದಕ್ಕೆ ಗಂಟು ಬಿದ್ದಿತ್ತು. ಚಪ್ಪಟೆ ಗಂಟು. ಎರಡೂ ತುದಿಗಳನ್ನು ಸುತ್ತಿನಡಿಗೆ ಮೂರು ಮೂರು ಸಲ ತೂರಿಸಿ ಅಡಗಿಸಿತ್ತು.

"ಬೇರೆ ಯಾರೋ ಬಿಚ್ಚಿ ಕಟ್ಟಿದ್ದಾರೆ. ಅಷ್ಟೇ ತಾನೆ?"

"ಯತಿನ್ ಕಟ್ಟಿದ್ದಲ್ಲ. ಐದು ವರ್ಷದಿಂದ ಅವನದು ಅದೇ ಕೆಲಸ. ಗಂಟು ಹಾಕುತ್ತ ಕೂತ್ರೆ ಬೆಳಗ್ಗಿನ ಗಿರಾಕಿ ಬಿಡ್ತದಾ? ನಿದ್ದೆಯಲ್ಲಿ ದಾರ ಕೊಟ್ಟರೂ ಅವನ ಕೈ ತಿರುಚುವುದೇ."

ಸಾವಂತ್ ಕಟ್ಟನ್ನು ಬಿಚ್ಚಿಸಿದರು. ವಿನೋದಾ ಹಾಳೆ ಎಣಿಸಿದಳು. ನಲವತ್ತರ ನಂತರ ನಲವತ್ತನಾಲ್ಕು. ನಡುವಿನ ಮೂರು ಹಾಳೆ ಇರಲಿಲ್ಲ. ಅವಳು ನಲವತ್ತನಾಲ್ಕನ್ನು ನಿಂತಲ್ಲೇ ಓದಿದಳು. ಇನ್ನೊಮ್ಮೆ ಓದಿದಳು. ಮಂಚದ ಮೇಲೆ ಕೂತಳು.

"ಏನು ಬರೆದಿದೆ? ನನಗೆ ಕನ್ನಡ ಬರುವುದಿಲ್ಲ."

ಅವಳು ಮರಾಠಿಯಲ್ಲಿ ಹೇಳಿದಳು. ಅದು ಯಾರ ಮನೆಯ ಹಿರಿಯನ ಕಥೆ ಎಂದೂ ಹೇಳಿದಳು.

"ಒಂದು ದಾರ ಹಿಡಿದು ಯಾರನ್ನೂ ಜೈಲಿಗೆ ಹಾಕಲಿಕ್ಕಾಗದು ಮಾವಶಿ."

"ನಾಳೆ ಬೆಳಿಗ್ಗೆ ನನಗೆ ಅರ್ಧ ಗಂಟೆ ಕೊಡಿ. ಕೋರ್ಟಿಗೆ ಹೇಗೂ ಕಲ್ಯಾಣಕ್ಕೇ ಹೋಗಬೇಕಲ್ಲ."

* * *

ವಸಂತಕುಮಾರರ ಮನೆ ಕಲ್ಯಾಣದ ಖಾಡಿ ದಂಡೆಯಲ್ಲಿ, ಹಿನ್ನೀರಿಗೆ ಮುಖಮಾಡಿ. ಹಡಗುಕಟ್ಟೆಯಲ್ಲಿ ಹಗ್ಗದ ಮೇಸ್ತ್ರಿಯಾಗಿ ನಿವೃತ್ತರಾದವರು. ಈಗ ಊರವರ ಸಂಘದ ಅಧ್ಯಕ್ಷರು. ಭಾನುವಾರ ಸಂಘದ ಹಾಲಿನಲ್ಲಿ ಅವರ ವಂಶದ ಹಿರಿಯ ಸುಬೇದಾರ ಸಂಕಪ್ಪನ ಚಿತ್ರ ಅನಾವರಣ. ಒಡೆದ ಹಡಗಿನಲ್ಲಿ ಕೊನೆಯ ತನಕ ನಿಂತ ಸಮುದ್ರ ಸಿಪಾಯಿ ಎಂದು ಕರೆಯೋಲೆಯಲ್ಲಿ ಅಚ್ಚಾಗಿತ್ತು. ಅಂದಿನ ಊಟ ವಿನೋದಾಳ ಖಾನಾವಳಿಯದು.

"ದೇಜಪ್ಪನ ವಿಷಯ ಕೇಳಿ ಎದೆ ಒಡೀತು," ಎಂದರು ವಸಂತಕುಮಾರ, ವಿನೋದಾಳ ಜೊತೆ ಬಂದಿದ್ದ ಸಾವಂತರಿಗೂ ತಿಳಿಯಲೆಂದು ಮರಾಠಿಯಲ್ಲಿ. "ನಾನು ಅತ್ಲಾಗೆ ಹೋಗದೆ ಎರಡು ತಿಂಗಳಾಯ್ತು."

"ಭಾನುವಾರದ ಎಲೆ ತಂದೆ ವಸಂತಣ್ಣ. ಕಟ್ಟು ಸಡಿಲ ಆಗಿದೆ. ಸ್ವಲ್ಪ ಬಿಗೀತೀರಾ?"

ಅವರು ಮಾತಾಡುತ್ತಲೇ ಬಾಳೆಲೆಯ ಕಟ್ಟಿಗೆ ದಾರ ಸುತ್ತಿದರು. ಚಪ್ಪಟೆ ಗಂಟು ಬಿತ್ತು. ತುದಿಗಳು ಸುತ್ತಿನಡಿಗೆ ಒಂದು ಸಲ, ಎರಡು ಸಲ, ಮೂರು ಸಲ ತೂರಿ ಮಾಯವಾದವು. ಸಾವಂತ್ ಬಾಗಿ ನೋಡಿದರು.

"ವಸಂತಣ್ಣ, ದೇಜಪ್ಪಣ್ಣನ ಮೂರನೆಯ ಕಟ್ಟಿನಲ್ಲಿ ಮೂರು ಹಾಳೆ ಇಲ್ಲ. ಸಂಕಪ್ಪಜ್ಜನ ವಿಷಯ ಇದ್ದದ್ದು."

"ಸುಳ್ಳು ಬರೆದಿದ್ದ ಅವನು," ವಸಂತಕುಮಾರರ ಧ್ವನಿ ಏರಿತು. "ನಮ್ಮ ಅಜ್ಜ ಓಡಿಹೋದವರಲ್ಲ."

"ಓಡಿಹೋದರು ಅಂತ ನಾನು ಹೇಳಲಿಲ್ಲವಲ್ಲ. ಎರಡು ತಿಂಗಳಿಂದ ಹೋಗದ ನೀವು ಯಾವಾಗ ಓದಿದ್ರಿ?"

ಅವರು ಎಲೆಕಟ್ಟನ್ನು ಪಕ್ಕಕ್ಕೆ ಸರಿಸಿದರು.

"ಗಂಟು ನಿಮ್ಮದು," ಎಂದಳು ವಿನೋದಾ. "ಬಿಚ್ಚಿದ್ದನ್ನು ಹಾಗೇ ಬಿಟ್ಟು ಹೋಗಿದ್ರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಲವತ್ತು ವರ್ಷ ಹಗ್ಗ ಹಿಡಿದ ಕೈ, ಸಡಿಲ ಬಿಡಲಿಕ್ಕೆ ಮನಸ್ಸು ಬರಲಿಲ್ಲ. ಬಂದದ್ದೂ ನೀರಿನ ಹೊತ್ತಿಗೆ."

"ನೀರು ಗೀರು ನನಗೆ ಗೊತ್ತಿಲ್ಲ. ಏಳಕ್ಕೆ ಬಾ ಅಂತ ಅವನೇ ಫೋನ್ ಮಾಡಿದ್ದ." ವಸಂತಕುಮಾರ ಅಂಗಿಯ ಕಿಸೆಯಿಂದ ಮಡಚಿದ ಮೂರು ಹಾಳೆ ತೆಗೆದರು. "ಹಡಗು ಒಡೆದ ದಿನ ಓಡಿಹೋದವರ ಪಟ್ಟಿ. ಮೊದಲ ಹೆಸರೇ ಅಜ್ಜನದು. ಹಾಲು ತುಂಬ ಜನ ಬರ್ತಾರೆ ಭಾನುವಾರ. ಅಂಗಿ ಹಿಡಿದು ದೂಡಿದೆ. ಸಾಯ್ತಾನೆ ಅಂತ ಎಣಿಸಿರಲಿಲ್ಲ. ಸುಡಲಿಕ್ಕೂ ಕೈ ಬರಲಿಲ್ಲ, ಅಜ್ಜನ ಹೆಸರಿತ್ತು." ಹಾಳೆಗಳನ್ನು ಸಾವಂತರ ಕೈಗಿಟ್ಟು ಹೇಳಿದರು, "ಮುಂದೆ ಓದು, ಮುಂದೆ ಓದು ಅಂತಲೇ ಇದ್ದ ದೇಜಪ್ಪ. ಗೇಲಿ ಮಾಡ್ತಾನೆ ಅಂದ್ಕೊಂಡೆ."

ಸಾವಂತ್ ತಂದಿದ್ದ ನಲವತ್ತನಾಲ್ಕನೆಯ ಹಾಳೆಯನ್ನು ವಿನೋದಾ ಬಿಡಿಸಿದಳು.

"'ಆದರೆ ಹನ್ನೊಂದು ದಿನಗಳ ನಂತರ ಸುಬೇದಾರ ಸಂಕಪ್ಪ ಗಾಯಗೊಂಡ ಹದಿನೆಂಟು ಸಿಪಾಯಿಗಳೊಡನೆ ಪಡೆಯ ಠಾಣ್ಯ ತಲುಪಿದನು. ಹಡಗು ಮುಳುಗುವ ಮೊದಲು ಅವರನ್ನು ದೋಣಿಗಿಳಿಸಿ ದಡ ಸೇರಿಸಿದವನು ಅವನೇ. ಪಟ್ಟಿಯಿಂದ ಅವನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಲಾಯಿತು. ನಮ್ಮವರಲ್ಲಿ ಇಂಥವನು ಇನ್ನೊಬ್ಬನಿಲ್ಲ.'"

ವಸಂತಕುಮಾರ ಕೈ ಚಾಚಿದರು. ಸಾವಂತ್ ಹಾಳೆಯನ್ನು ತಾವೇ ತೆಗೆದುಕೊಂಡರು.

"ಅದನ್ನೇ ಮೊದಲು ಹೇಳಬಾರದಿತ್ತಾ ಅವನಿಗೆ?" ಎಂದರು ವಸಂತಕುಮಾರ, ಯಾರ ಮುಖವನ್ನೂ ನೋಡದೆ.

"ಪುಟ ಬಿಡದೆ ಸಾಲಾಗಿಯೇ ಓದಬೇಕು ಅನ್ನುವ ಮನುಷ್ಯ ಅವರು, ವಸಂತಣ್ಣ. ನೀವು ಒಂದು ಹಾಳೆ ತಡೀಲಿಲ್ಲ."

* * *

ಹನ್ನೊಂದೂವರೆಗೆ ಕೋರ್ಟಿನ ಹಿಂಬಾಗಿಲಿನಲ್ಲಿ ಹವಾಲ್ದಾರ ಯತಿನ್‌ನ ಕೈ ಬಿಟ್ಟ. ಅವನು ತಾಯಿಯ ಹತ್ತಿರ ಬಂದ.

"ಬೆಳಿಗ್ಗೆ ಎಂತ ತಿಂದಿ?"

"ಕುಛ್ ನಹೀ."

ಅವಳು ಸ್ಟೇಷನ್ ರಸ್ತೆಯ ಗಾಡಿಯಲ್ಲಿ ಅವನಿಗೆ ಎರಡು ವಡಾಪಾವ್ ತಿನ್ನಿಸಿದಳು. ನೀರು ಕುಡಿಯುವ ತನಕ ಕಾದಳು.

"ಇನ್ನು ಆಸ್ಪತ್ರೆಗೆ ಹೋಗ್ಬೇಕು. ದೇಜಪ್ಪಣ್ಣನನ್ನು ಬಿಟ್ಟುಕೊಡ್ತಾರೆ. ಕೊಳ್ಳಿ ಇಡಲಿಕ್ಕೆ ಅವರಿಗೆ ಜನ ಇಲ್ಲ. ನೀನೇ ಇಡ್ಬೇಕು."

ಯತಿನ್ ತಲೆಯಾಡಿಸಿದ. "ಇಡ್ತೇನೆ," ಎಂದ, ಕನ್ನಡದಲ್ಲಿ.